ಅತ್ತೆಯ ಹಳೆ ಕಂಪ್ಯೂಟರು

ಅಕ್ಕನ ಗಂಡ ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತು ಚಹಾ ಆರಿಸುತ್ತಿದ್ದರು. ನಾನು ಅವರ ಕಂಪನಿ ಬಿಟ್ಟು ಹನ್ನೊಂದು ವರ್ಷದ ಮೇಲೆ ಅವರು ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು.

“ಪೇಟೆಂಟಿನಲ್ಲಿ ನಿನ್ನ ಹೆಸರೂ ಸೇರಿಸ್ತೀನಿ ಕಣಮ್ಮ. ಆ ವಕೀಲೆ ಹತ್ತಿರ ಬಾಯಿ ಬಿಡಬೇಡ, ಅಷ್ಟೇ.”

“ಆಗ ಯಾಕೆ ಸೇರಿಸಲಿಲ್ಲ, ಭಾವ?”

“ಮನೆಯವರೇ ಅಲ್ವಾ, ಯಾರ ಹೆಸರಿದ್ದರೇನು ಅಂದ್ಕೊಂಡೆ.”

ಮನೆಯವಳೆಂದೇ ನಾನು ರಜೆಯಿಲ್ಲದೆ ದುಡಿದದ್ದು. ವೆಬ್‌ಸೈಟು ನೋಡುವವರ ಇಷ್ಟಾನಿಷ್ಟಗಳನ್ನು ಕಂಪನಿಯ ಸರ್ವರಿನಲ್ಲಿ ಗುಡ್ಡೆ ಹಾಕದೆ, ಅವರವರ ಕಂಪ್ಯೂಟರಿನಲ್ಲೇ ಇಟ್ಟು ಅಲ್ಲಿಂದಲೇ ಓದುವ ವಿಧಾನ ನನ್ನದು. ಪೇಟೆಂಟು ಭಾವನದು. ಈಗ ಅದೇ ವಿಧಾನ ಬಳಸಿದರೆಂದು ಭಾವ, ಇಬ್ಬರು ಗೆಳತಿಯರು ಸೇರಿ ನಡೆಸುತ್ತಿದ್ದ ಸಣ್ಣ ಕಂಪನಿಯ ಮೇಲೆ ಕೇಸು ಹಾಕಿದ್ದರು. ಆ ಗೆಳತಿಯರ ವಕೀಲೆ ನನ್ನನ್ನು ಹುಡುಕಿಕೊಂಡು ಬಂದಿದ್ದಳು.

“ಬಾಯಿ ಬಿಟ್ಟರೂ ಸಾಕ್ಷಿ ಎಲ್ಲಿದೆ?” ಭಾವ ನಕ್ಕರು. “ಹಳೆ ಸರ್ವರ್ ಪೂರ್ತಿ ಅಳಿಸಿದ್ದೀನಿ.”

ಆ ನಗು ಇಲ್ಲದಿದ್ದರೆ ಒಪ್ಪುತ್ತಿದ್ದೆನೇನೋ. ನನ್ನ ಹೆಸರು ಅಚ್ಚಾಗುವುದನ್ನು ನೋಡುವ ಆಸೆ ಅಷ್ಟಿತ್ತು. ಸರ್ವರಿನಲ್ಲಿ ಏನನ್ನೂ ಇಡುವುದಿಲ್ಲ ಎನ್ನುವುದೇ ಆ ವಿಧಾನ. ತನ್ನ ಪೇಟೆಂಟನ್ನು ಈ ಮನುಷ್ಯ ಒಮ್ಮೆಯೂ ನೆಟ್ಟಗೆ ಓದಿಲ್ಲ.

ಮರುದಿನ ಸೋದರತ್ತೆಯ ಮನೆಗೆ ಹೋದೆ. ಭಾವ ಅರ್ಜಿ ಹಾಕುವ ಎರಡು ವರ್ಷ ಮೊದಲು, ಅತ್ತೆ ಉಣ್ಣೆ ಕೊಳ್ಳುತ್ತಿದ್ದ ಅಂಗಡಿಯ ವೆಬ್‌ಸೈಟಿನಲ್ಲಿ ಈ ವಿಧಾನವನ್ನು ಅಳವಡಿಸಿದ್ದೆ. ಯಾರು ಬೇಕಾದರೂ ತೆರೆಯಬಹುದಾಗಿದ್ದ ಪುಟ. ಅರ್ಜಿಗೆ ಮೊದಲೇ ಹೀಗೆ ಊರಿನ ಬಳಕೆಗೆ ಬಿದ್ದದ್ದಕ್ಕೆ ಪೇಟೆಂಟು ನಿಲ್ಲುವುದಿಲ್ಲ. ಭಾವನದೂ ನಿಲ್ಲುವುದಿಲ್ಲ, ನನ್ನದೂ.

“ನಿಮ್ಮ ಮಾವನನ್ನೇ ಎಸೆದಿಲ್ಲ, ಇದನ್ನ ಎಸೀತೀನಾ?” ಎನ್ನುತ್ತಾ ಅತ್ತೆ ಹಳೆ ಕಂಪ್ಯೂಟರಿನ ಹೊದಿಕೆ ಸರಿಸಿದರು. ಒಳಗಿನ ಕಮರು ವಾಸನೆಯೊಡನೆ ಅದು ಗೊರಗೊರ ಎಂದು ಎದ್ದಿತು. ಅಂಗಡಿಯ ಪುಟ ಅಂದು ಬರೆದಿಟ್ಟ ಚಿಕ್ಕದೊಂದು ಕಡತ: ನೀಲಿ ಉಣ್ಣೆ, ನಾಲ್ಕನೇ ನಂಬರಿನ ಹೆಣಿಗೆ ಕಡ್ಡಿ. ಪಕ್ಕದಲ್ಲಿ ತಾರೀಖು.

ಒಂದು ಗುಂಡಿ ಒತ್ತಿದರೆ ಅದು ಅಳಿಸಿಹೋಗುತ್ತಿತ್ತು, ಪೇಟೆಂಟಿನಲ್ಲಿ ನನ್ನ ಹೆಸರು ಸೇರುತ್ತಿತ್ತು. ಬಹಳ ಹೊತ್ತು ನೋಡುತ್ತ ಕೂತೆ. ಆಮೇಲೆ ವಕೀಲೆಗೆ ಫೋನು ಮಾಡಿದೆ.

ತಜ್ಞರು ಯಂತ್ರ ಪರೀಕ್ಷಿಸಿ ತಾರೀಖು ನಿಜವೆಂದರು. ಪೇಟೆಂಟು ರದ್ದಾಯಿತು. ಕೋರ್ಟಿನ ಮೆಟ್ಟಿಲ ಮೇಲೆ ಭಾವ ನನ್ನನ್ನು ತಡೆದರು.

“ನಿನ್ನ ಹೆಸರಿಗೆ ನೀನೇ ಮಣ್ಣು ಹಾಕ್ಕೊಂಡ್ಯಲ್ಲೇ.”

“ಮನೆಯವರೇ ಅಲ್ವಾ, ಭಾವ. ಯಾರ ಹೆಸರಿಲ್ಲದಿದ್ದರೇನು?”

ಸಂಜೆ ಅಕ್ಕನ ಫೋನು ಬಂತು. ಸ್ವೆಟರು ಹೆಣೆಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕೂತು, ಎತ್ತದೆ, ಅದು ಬಡಿದುಕೊಂಡು ಸುಮ್ಮನಾಗುವವರೆಗೂ ಕೇಳಿಸಿಕೊಂಡೆ.