ಪೆಟ್ಟಿಗೆಯೊಳಗಿನ ಐದು ಸಾಲು

"ಹೊಟ್ಟೆ ಒಳಗೆಳ್ಕೊಳ್ಳಿ ದಾದಾ, ಇಲ್ದಿದ್ರೆ ಬಾಟ್ಲಿಗೆ ಬಿರಡೆ ಹಾಕ್ದಂಗೆ ಸಿಕ್ಕಾಕ್ಕೊಂಡ್ಬಿಡ್ತೀರ," ಎಂದಳು ನಿರುಪಮಾ.

ಶಶಧರ ಘೋಷಾಲ್ ಗೊಣಗುತ್ತಲೇ ಪೆಟ್ಟಿಗೆಯೊಳಗೆ ಇಳಿದ. ರಂಗದ ಅಂಚಿನಲ್ಲಿ ಸೊಂಟದಾಳಕ್ಕೆ ಹೂತಿದ್ದ ಆ ಮರದ ಪೆಟ್ಟಿಗೆಗೆ ಪ್ರೇಕ್ಷಕರ ಕಡೆಯಿಂದ ಮುಸುಕು, ನಟರ ಕಡೆಗೆ ಬಾಯಿ. ಮಾತು ಮರೆತವರಿಗೆ ಅಲ್ಲಿಂದ ಪಿಸುಗುಡುವುದೇ ಅವನ ಕಸುಬು. ಅಪ್ಪ ಅಲ್ಲೇ ಕೂತು ಮುದುಕನಾದ, ಮಗನೂ ಅಲ್ಲೇ ಕೂತು ಮುದುಕನಾದ.

ಉತ್ತರ ಕಲ್ಕತ್ತೆಯ ಲಾನ್ಸ್‌ಡೌನ್ ಥಿಯೇಟರಿಗೆ ಅದು ಕೊನೆಯ ಭಾನುವಾರ, ಮೂರು ಗಂಟೆಯ ಆಟವೇ ಕೊನೆಯ ಆಟ. ಯಾವನೋ ಸೆಣಬಿನ ದೊರೆ ಹೆಂಡತಿಯ ಹಾಡಿಗೆಂದು ಕಟ್ಟಿಸಿದ್ದಂತೆ. ಅವಳು ಒಂದು ಚಳಿಗಾಲ ಹಾಡಿ ಜ್ವರದಲ್ಲಿ ತೀರಿಕೊಂಡಳಂತೆ. ಆಮೇಲೆ ಬಂಗಾಳಿಗಳ ಕೈಗೆ ಬಂತಂತೆ. ನಾಳೆ ಹಾರೆ ಬೀಳುತ್ತದೆ, ಬಟ್ಟೆ ಅಂಗಡಿಗಳು ಏಳುತ್ತವೆ.

ಕೊನೆಯ ಆಟಕ್ಕೆ 'ಅಂಬಿಗರವಳು' ಇರಲಿ ಎಂದು ಹಟ ಹಿಡಿದವಳು ನಿರುಪಮಾ. ಬ್ರಿಟಿಷರ ಕಾಲದಲ್ಲಿ ಆ ನಾಟಕದ ಕೊನೆಯ ಐದು ಸಾಲುಗಳ ಮೇಲೆ ಪೊಲೀಸ್ ಕಚೇರಿಯವರು ಕೆಂಪು ಶಾಯಿ ಎಳೆದಿದ್ದರು. ಪ್ರತಿಗಳೆಲ್ಲ ಜಪ್ತಿಯಾದವು. ಉಳಿದದ್ದು ಶಶಧರನ ಅಪ್ಪನ ನಾಲಿಗೆಯ ಮೇಲೆ ಮಾತ್ರ. ಬಾಗಿಲಿನಿಂದ ಪೆಟ್ಟಿಗೆಯವರೆಗೆ ನೆಲದಡಿ ಒಂದು ಹಗ್ಗ ಎಳೆದಿದ್ದರು. ಪೊಲೀಸಿನವನು ಒಳಗೆ ಬಂದರೆ ಬಾಗಿಲವನು ಎರಡು ಸಲ ಜಗ್ಗಬೇಕು, ಪೆಟ್ಟಿಗೆಯ ಹಲಗೆ ಟಕ್ ಟಕ್ ಎನ್ನಬೇಕು, ಅಪ್ಪ ಆ ಐದು ಸಾಲು ಬಿಟ್ಟು 'ಹೋಗಲಿ ಬಿಡು, ಹೊತ್ತಾಯಿತು' ಎಂಬ ಸಪ್ಪೆ ಮಾತು ಪಿಸುಗುಡಬೇಕು. ಪಕ್ಕದಲ್ಲಿ ಮುದುಡಿ ಕೂರುತ್ತಿದ್ದ ಹುಡುಗ ಶಶಧರನಿಗೆ ಆ ಐದು ಸಾಲೂ ಬಾಯಿಪಾಠ, ಟಕ್ ಟಕ್ ಎಂದರೆ ಆಡಬೇಕಾದ ಸಪ್ಪೆ ಮಾತೂ ಬಾಯಿಪಾಠ. ಹಲಗೆ ಸುಮ್ಮನಿದ್ದ ಒಂದು ದಿನ ನಿರುಪಮಾಳ ತಾಯಿ ಚಾರುಬಾಲಾ ಐದೂ ಸಾಲನ್ನು ಆಡಿಬಿಟ್ಟಳು. ಮಫ್ತಿಯವನೊಬ್ಬ ಸಭೆಯಲ್ಲಿದ್ದ. ಮೂರು ತಿಂಗಳು ಜೈಲಾಯಿತು. ಹೊರಗೆ ಬಂದವಳು ಮತ್ತೆ ಬಣ್ಣ ಹಚ್ಚಲಿಲ್ಲ. ಆ ಮಾತು ಏನೆಂದು ಮಗಳಿಗೂ ಹೇಳದೆ ಹೋದಳು.

"ಒಂದ್ಸಲ ತಾಲೀಮಲ್ಲಾದ್ರೂ ಹೇಳ್ಕೊಡಿ ದಾದಾ," ಎಂದು ನಿರುಪಮಾ ತಿಂಗಳಿಡೀ ಬೇಡಿದ್ದಳು.

"ನಿಮ್ಮಮ್ಮ ತಾಲೀಮಲ್ಲಿ ಕಲಿತಿದ್ಲಾ? ರಂಗದ ಮೇಲೆ ನಿಂತು ಬಿಸಿಬಿಸಿ ತಗೊಂಡ್ಲು. ನೀನೂ ಹಂಗೇ ತಗೋ."

ಕೊಡುವವನು ತಾನೊಬ್ಬನೇ ಎಂಬ ಹಮ್ಮು ಆ ಮಾತಿನಲ್ಲಿತ್ತು. ಒಂದು ಆಯುಸ್ಸಿಡೀ ಮುಸುಕಿನ ಹಿಂದೆ ಕೂತವನಿಗೆ ಅಷ್ಟಾದರೂ ಬೇಡವೇ?

ಆಟ ಚೆನ್ನಾಗಿಯೇ ನಡೆಯಿತು. ಕೊನೆಯ ಅಂಕದಲ್ಲಿ ಅಂಬಿಗರವಳು ತೆರಿಗೆಯವನ ಎದುರು ಬಂದು ನಿಂತಳು. ಸಭೆ ಕೆಮ್ಮುವುದನ್ನೂ ಮರೆತಿತ್ತು. ನಿರುಪಮಾಳ ಕಣ್ಣು ಮೆಲ್ಲಗೆ ಪೆಟ್ಟಿಗೆಯ ಕಡೆ ಇಳಿಯಿತು. ಶಶಧರ ಉಸಿರು ತುಂಬಿಕೊಂಡ. ಮೊದಲ ಸಾಲು ತುಟಿಗೆ ಬಂದಿತ್ತು.

ಹಲಗೆ ಟಕ್ ಟಕ್ ಎಂದಿತು.

"ಹೋಗಲಿ ಬಿಡು, ಹೊತ್ತಾಯಿತು," ಎಂದಿತು ಅವನ ಬಾಯಿ.

ಪೆಟ್ಟಿಗೆಯಿಂದ ಬಂದದ್ದನ್ನು ಆಡುವುದು ನಿರುಪಮಾಳ ನಾಲಿಗೆಗೂ ನಲವತ್ತು ವರ್ಷದ ರೂಢಿ. ಆಡಿಯೇಬಿಟ್ಟಳು. ಪರದೆ ಇಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಶಶಧರ ಹೊರಗೆ ಬರುವ ಮೊದಲೇ ಬಾಗಿಲಿನ ಪಾಂಚು ನಗುತ್ತ ಬಂದ. "ಕೇಳಿಸ್ತಾ ದಾದಾ? ಠಾಣೆ ದೊಡ್ಡಬಾಬು ಹೆಂಡ್ತೀನ ಕರ್ಕೊಂಡು ಕೊನೇ ಅಂಕಕ್ಕೆ ಬಂದ್ರು. ಆಯಮ್ಮ ಕಡ್ಲೆಕಾಯಿ ಪೊಟ್ಣ ಬೇರೆ ಹಿಡ್ಕೊಂಡಿದ್ಲು. ಕೊನೇ ದಿನ ಅಲ್ವಾ, ಆ ಹಳೇ ಹಗ್ಗ ಇನ್ನೂ ಹಂಗೇ ಇತ್ತು, ತಮಾಷೆಗೆ ಅಂತ ಜಗ್ಗಿದೆ."

ಶಶಧರ ಅವನ ಮುಖವನ್ನೇ ನೋಡಿದ. ಪಾಂಚುವಿನ ನಗು ತಾನಾಗಿಯೇ ಸಣ್ಣದಾಯಿತು. "ಯಾಕ್ ದಾದಾ, ತಪ್ಪಾಯ್ತಾ?"

"ನಿಂದೇನಿಲ್ಲ. ಹೋಗು, ದೀಪ ನೋಡ್ಕೋ."

ಜನ ಖಾಲಿಯಾದ ಮೇಲೆ ನಿರುಪಮಾ ಬಂದಳು. ಅರ್ಧ ಬಣ್ಣ ಒರೆಸಿದ್ದಳು. ಒಂದು ಕೆನ್ನೆ ಅಂಬಿಗರವಳದು, ಇನ್ನೊಂದು ಅರವತ್ತರದು. ಬೈಯುತ್ತಾಳೆ ಎಂದುಕೊಂಡಿದ್ದ. ಬೈಯಲಿಲ್ಲ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು.

"ಈಗ ಹೇಳಿ ದಾದಾ. ಯಾರೂ ಇಲ್ಲ. ನಾನೊಬ್ಳೇ."

"ಬಿಸಿ ಆರ್ಹೋಯ್ತು ಕಣೇ."

"ಆರಿದ್ದೇ ಹಾಕಿ. ಹಸಿದೋರಿಗೇನು."

ಅವನು ಕಣ್ಣು ಮುಚ್ಚಿಕೊಂಡು ಪಿಸುಗುಟ್ಟಿದ. "ಈ ನದಿ ನಿನ್ನಪ್ಪ ತೋಡಿಸಿದ್ದಲ್ಲ." ಅವಳ ತುಟಿ ಅಲುಗಾಡಿತು. "ದೋಣಿ ಕಿತ್ತುಕೋ, ಹುಟ್ಟು ಮುರಿ, ನಾವು ಈಜಿ ದಾಟುತ್ತೇವೆ." ಅವಳು ಇನ್ನಷ್ಟು ಬಾಗಿದಳು. "ಮುಳುಗಿದವರು ನಿನ್ನ ಲೆಕ್ಕಕ್ಕೆ ಸಿಗುವುದಿಲ್ಲ..."

ಅಲ್ಲಿಗೆ ನಿಂತ.

"ಆಮೇಲೆ?"

ಸರಾಗವಾಗಿ ಹರಿಯುತ್ತಿದ್ದದ್ದು ಕಲ್ಲಿಗೆ ತಾಗಿದಂತೆ ನಿಂತುಬಿಟ್ಟಿತ್ತು. ಮೂರನೆಯದನ್ನೇ ಮತ್ತೆ ಹೇಳಿಕೊಂಡ, ಮೊದಲಿಂದ ಹೇಳಿಕೊಂಡ, ಅಪ್ಪನ ದನಿಯಲ್ಲಿ ಹೇಳಿಕೊಂಡ. ನಾಲ್ಕನೆಯದರ ಜಾಗದಲ್ಲಿ 'ಹೋಗಲಿ ಬಿಡು, ಹೊತ್ತಾಯಿತು' ಎಂಬುದೇ ಬಂದು ಕೂರುತ್ತಿತ್ತು.

"ಬರತ್ತೆ," ಎಂದ. "ತಡಿ. ಬರತ್ತೆ."

"ನಿಧಾನಕ್ಕೆ ಬರ್ಲಿ ದಾದಾ. ನಾನೆಲ್ಲಿಗೂ ಹೋಗಲ್ಲ."

ಕುರ್ಚಿ ಕೊಂಡ ಸಾಹುಕಾರನ ಆಳುಗಳು ಹಿಂದಿನ ಬಾಗಿಲಿನಿಂದ ಒಳಗೆ ಬಂದು ಕೊನೆಯ ಸಾಲಿನ ತಿರುಪು ಬಿಚ್ಚತೊಡಗಿದರು. ಒಂದೊಂದು ಕುರ್ಚಿ ಎತ್ತಿದಾಗಲೂ ಅದರಡಿಯ ನೆಲ, ಕಟ್ಟಿದ ದಿನದ ಕೆಂಪಿನಲ್ಲೇ, ಚೌಕಚೌಕವಾಗಿ ಕಾಣುತ್ತ ಬಂತು. ನಿರುಪಮಾ ಪೆಟ್ಟಿಗೆಯ ಬಾಯಿಗೆ ಕಿವಿ ಇಟ್ಟುಕೊಂಡು ಹಾಗೇ ಕೂತಿದ್ದಳು.