ಮೇಲ್ಬೈಲಿನ ನೀರು

ಕಟ್ಟದ ಹಿಂದೆ ನೀರು ನಿಂತು ಅಂದಿಗೆ ಐದನೆಯ ದಿನ. ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಸರಸ ಸೀರೆ ಎತ್ತಿ ಕಟ್ಟಿ ತನ್ನ ಗದ್ದೆಗೆ ಇಳಿದಳು. ಗದ್ದೆ ಯಾವುದು, ಅಂಚು ಯಾವುದು ಎಂದು ತಿಳಿಯುತ್ತಿರಲಿಲ್ಲ. ತೊಡೆಮಟ್ಟದ ಕೆಂಪು ನೀರಿನಲ್ಲಿ ಕೈ ಇಳಿಸಿ, ಅಂಚಿನ ಬಳಿ ತಡಕಿ, ಒಂದು ಬುಡ ಕಿತ್ತಳು. ನಟ್ಟಿ ಮಾಡಿ ಹನ್ನೆರಡು ದಿನವಾಗಿದ್ದ ಸಸಿ. ಎಲೆಗೆ ಲೋಳೆ ಬಂದಿತ್ತು, ಬೇರು ಮಾತ್ರ ಬೆಳ್ಳಗೇ ಇತ್ತು. ಇವತ್ತು ನೀರು ಇಳಿದರೆ ಬದುಕುತ್ತದೆ. ಆ ಬುಡವನ್ನು ಹಿಡಿದುಕೊಂಡೇ ಅವಳು ಕಟ್ಟದ ಕಡೆಗೆ ನಡೆದಳು.

ಗುಲ್ವಾಡಿಯಿಂದ ಒಳಗೆ, ಎರಡು ಗುಡ್ಡಗಳ ನಡುವೆ ಆ ಮಣ್ಣಿನ ಕಟ್ಟ ಎದ್ದು ಐದು ವರ್ಷವಾಗಿತ್ತು. ಅದಕ್ಕೆ ಮೊದಲು ಮಳೆಗಾಲದಲ್ಲಿ ತೋಡು ಉಕ್ಕಿ ಕೆಳಬೈಲಿನ ಹನ್ನೊಂದು ಮನೆಗಳಿಗೆ ನುಗ್ಗುತ್ತಿತ್ತು. ಒಂದು ಸಲ ಅಲ್ಲಿಯ ಪದ್ದು ಎಂಬವಳ ಎರಡು ದನಗಳು ಕೊಟ್ಟಿಗೆಯಲ್ಲಿ ಕಟ್ಟಿದ ಹಗ್ಗದಲ್ಲೇ ಸತ್ತಿದ್ದವು. ಈಗ ನೆರೆಯನ್ನು ಮೇಲೆಯೇ ತಡೆದು, ಕೆಳಗೆ ದೊಡ್ಡ ಹೊಳೆ ಇಳಿದ ಮೇಲೆ ಗೇಟು ಎತ್ತಿ ನಿಧಾನವಾಗಿ ಬಿಡುತ್ತಿದ್ದರು. ಮೇಲ್ಬೈಲಿನಲ್ಲಿ ನೀರು ಹೆಚ್ಚೆಂದರೆ ಎರಡು ದಿನ ನಿಂತೀತು, ಬೆಳೆಗೆ ಏನೂ ಆಗದು ಎಂದು ಅಳತೆಗೆ ಬಂದವರು ಹೇಳಿದ್ದರು. ಮೇಲ್ಬೈಲಿನಲ್ಲಿದ್ದದ್ದು ವಿಧವೆ ಸರಸಳ ಗದ್ದೆಯೊಂದೇ. ಮೊದಲ ವರ್ಷ ನಾಲ್ಕು ದಿನ ನಿಂತಿತು. ಆಮೇಲೆ ಐದು, ಆರು. ಮೂರು ವರ್ಷದಿಂದ ಅವಳು ನೆಟ್ಟದ್ದೆಲ್ಲ ಕೊಳೆಯುತ್ತಿತ್ತು.

ಗೇಟು ಕಾಯುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ ಚೆನ್ನಯ್ಯ.

"ಅಣ್ಣ, ಬೇರ್ ಕಾಣ್. ಇನ್ನೂ ಬೆಳಿ ಇತ್ತ್. ಒಂದ್ ಗಳಿಗಿ ಗೇಟ್ ತೆಗಿ."

"ಹೊಳಿ ಇಳಿಲಿಲ್ಲೆ ಸರಸ. ಇಂಜಿನಿಯರ್ ಈಗ ಫೋನ್ ಮಾಡಿರ್. ನಾಳೆವರಿಗೆ ಗೇಟ್ ಮುಟ್ಟುಕಾಗ ಅಂದಿರ್."

"ನಾಳೆಗೆ ಇದ್ ಸಾಯತ್ತ್."

"ಕೆಳಗ್ ಜನ ಇದ್ರ್ ಮಾರಾಯ್ತಿ."

"ನಾನ್ ಜನ ಅಲ್ದಾ?" ಸರಸ ಬುಡವನ್ನು ಅವನ ಮುಂದೆ ಚಾಚಿದಳು. "ಮೂರ್ ವರ್ಷ ಆಯ್ತ್, ನನ್ ಗದ್ದಿ ಅಕ್ಕಿ ನಾ ಉಣ್ದೆ. ಪೂರಾ ತೆಗಿ ಅಂದ್ನಾ? ಒಂಚೂರ್. ಕೆಳಗಿನವ್ರಿಗ್ ಗೊತ್ತೂ ಆತಿಲ್ಲೆ."

ಚೆನ್ನಯ್ಯ ಅವಳ ಕೈಯಲ್ಲಿದ್ದ ಬೇರನ್ನು ನೋಡಿದ. ಆಮೇಲೆ ನೀರಿನ ಕಡೆಗೆ ನೋಡಿದ. ಸೊಂಟದಿಂದ ಕೀಲಿ ತೆಗೆಯುವಾಗ ಅವನು ತಂಗಿಯ ಮುಖ ನೋಡಲಿಲ್ಲ.

"ನಾಕ್ ಸುತ್ತ್. ಅರ್ಧ ಗಂಟಿ. ಮತ್ತೆ ಕೇಂಬುಕಾಗ."

ತುಕ್ಕು ಹಿಡಿದ ಚಕ್ರವನ್ನು ಇಬ್ಬರೂ ಸೇರಿ ತಿರುಗಿಸಿದರು. ಕಟ್ಟದ ಆಚೆ ಬದಿಗೆ ನೀರು ಭೋರೆಂದು ಹಾರಿತು. ಕಟ್ಟದ ಮೇಲೆ ನಿಂತ ಸರಸಳಿಗೆ, ಹೋಗುವ ಒಂದೊಂದು ಅಲೆಯೂ ತನ್ನ ಎದೆಯ ಮೇಲಿಂದ ಇಳಿದಂತೆ ಹಗುರವಾಯಿತು. ಎಷ್ಟೋ ಕಾಲದ ಮೇಲೆ ಅವಳು ಅಣ್ಣನನ್ನು ನೋಡಿ ನಕ್ಕಳು.

ಅರ್ಧ ಗಂಟೆ ಕಳೆದು ಗೇಟು ಇಳಿಸಹೊರಟರೆ ಅದು ಇಳಿಯಲಿಲ್ಲ. ಒಂದು ಬದಿಗೆ ಓರೆಯಾಗಿ ಕಚ್ಚಿಕೊಂಡಿತ್ತು. ಚೆನ್ನಯ್ಯ ಚಕ್ರಕ್ಕೆ ಜೋತುಬಿದ್ದ, ಹಾರೆ ಕೊಟ್ಟು ಮೀಟಿದ. ಸರಸ ಅಂಗೈ ಸುಲಿಯುವವರೆಗೆ ಎಳೆದಳು. ಅಷ್ಟರಲ್ಲಿ ಗೇಟಿನ ಪಕ್ಕದ ಮಣ್ಣು ಒಂದು ಹೆಂಟೆ ಜಾರಿತು. ಅದರ ಹಿಂದೆ ಇನ್ನೊಂದು. ನೀರಿನ ಬಣ್ಣ ಕಡು ಕೆಂಪಾಯಿತು.

ಚೆನ್ನಯ್ಯ ಪದ್ದುವಿಗೆ ಫೋನ್ ಮಾಡಿ ಕೂಗಿದ: "ಹ್ವಾಯ್ ಪದ್ದಕ್ಕ, ನೀರ್ ಬತ್ತಿತ್ತ್! ದನ ಬಿಚ್ಚಿ, ಎಲ್ಲರಿಗೂ ಹೇಳಿ, ಗುಡ್ಡಿ ಹತ್ತಿ, ಬೇಗ!"

ಜೀವ ಯಾರದ್ದೂ ಹೋಗಲಿಲ್ಲ. ಪದ್ದುವಿನ ಮನೆಯ ಹಿಂಗೋಡೆ ಬಿತ್ತು. ಕೆಳಬೈಲಿನ ಎಲ್ಲ ಗದ್ದೆಗಳ ಮೇಲೆ ಮೊಣಕಾಲುದ್ದ ಮರಳು ಕೂತಿತು. ಸಂಜೆ ಯಂತ್ರ ತಂದು ಕಲ್ಲು, ಮರಳಿನ ಚೀಲ ಸುರಿದು ಕಟ್ಟದ ಒಡೆದ ಬಾಯಿ ಮುಚ್ಚುವ ಹೊತ್ತಿಗೆ ಮೇಲ್ಬೈಲು ಬರಿದಾಗಿತ್ತು. ಸರಸ ಗದ್ದೆಗೆ ಇಳಿದು ಒಂದೊಂದೇ ಬುಡ ಕಿತ್ತು ನೋಡಿದಳು. ಹೆಚ್ಚುಕಡಿಮೆ ಎಲ್ಲದರ ಬೇರೂ ಕಪ್ಪಾಗಿ, ಹಿಡಿದರೆ ಬೆರಳಿಗೆ ಅಂಟಿ ಬರುತ್ತಿತ್ತು. ಎರಡು ದಿನದ ಹಿಂದೆಯೇ ಸತ್ತ ಸಸಿಗಳು. ಎತ್ತರದ ಅಂಚಿನ ಮಗ್ಗುಲಲ್ಲಿ ಉಳಿದಿದ್ದ ನಾಲ್ಕಾರು ಬುಡಗಳಲ್ಲೇ ಒಂದು ಅವಳ ಕೈಗೆ ಸಿಕ್ಕಿತ್ತು. ಅದನ್ನೇ ಅಣ್ಣನಿಗೆ ತೋರಿಸಿದ್ದಳು.

ಮರುದಿನ ವಿಚಾರಣೆಗೆ ಬಂದವರ ಮುಂದೆ ಚೆನ್ನಯ್ಯ, "ನನ್ ಬುದ್ಧಿಯಗೆ ನಾನೇ ತೆಗ್ದೆ" ಎಂದ. ಅವನ ಕೆಲಸ ಹೋಯಿತು. ಜನರ ಹಿಂದೆ ನಿಂತಿದ್ದ ಸರಸ ಮುಂದೆ ಬರಹೊರಟಾಗ ಅವನು ಕಣ್ಣಿನಲ್ಲೇ ತಡೆದ. ಆಮೇಲೆ ಅವಳ ಮನೆಗೆ ಬಂದು ಹೇಳಿದ, "ನೀ ಹೇಳಿ ಎಂತ ಆತ್ತ್? ಇಬ್ರೂ ಹಾಳಾಪ್ದಾ?"

ಆದರೂ ತಡೆಯಲಾರದೆ ಅವಳು ಪದ್ದುವಿನ ಮನೆಗೆ ಹೋದಳು. ಪದ್ದು ಒಳಕೋಣೆಯಿಂದ ಬುಟ್ಟಿಯಲ್ಲಿ ಕೆಸರು ಹೊರುತ್ತಿದ್ದಳು.

"ಪದ್ದಕ್ಕ, ಗೇಟ್ ತೆಗ್ಸದ್ ನಾನ್."

ಪದ್ದು ಬುಟ್ಟಿ ಇಳಿಸಲಿಲ್ಲ. "ಗೊತ್ತಿತ್ತ್. ನಿನ್ ಅಣ್ಣ ತಾನಾಗಿ ತೆಗು ಜನ ಅಲ್ಲ." ಕೆಸರನ್ನು ಅಂಗಳಕ್ಕೆ ಚೆಲ್ಲಿ ಬಂದಳು. "ನಿನ್ ಜಾಗದಗೆ ನಾನಿದ್ರೂ ತೆಗ್ಸ್ತಿದ್ದೆ."

ಬೈಗುಳಕ್ಕೆ ಗಟ್ಟಿಯಾಗಿ ಬಂದಿದ್ದ ಸರಸ ಹೊಸ್ತಿಲ ಮೇಲೆ ಕೂತಳು.

"ಗೇಟೇ ಬೇಡ, ಕಾಂಕ್ರೀಟ್ ಹಾಕಿ ಮುಚ್ಚಿ ಅಂತ ನಮ್ ಕೆಳಬೈಲಿನವ್ರ್ ಅರ್ಜಿ ಕೊಡ್ತ್ರ್," ಎಂದಳು ಪದ್ದು. "ತುಂಬಿದ್ ನೀರ್ ಮೇಲಿನ್ ಕೋಡಿಯಗೆ ಹೋಯ್ಲಿ ಅಂತ. ನಾನೂ ಸಹಿ ಹಾಕಿದೆ."

"ಹಾಂಗಾರೆ ನನ್ ಗದ್ದಿ?"

"ಹೋತ್ತ್ ಮಾರಾಯ್ತಿ. ಎಂತ ಮಾಡುದ್?" ಪದ್ದುವಿನ ಕಣ್ಣು ತುಂಬಿತ್ತು, ಮಾತು ಮಾತ್ರ ಅಲುಗಲಿಲ್ಲ.

ಸರಸ ಮೂಲೆಯಲ್ಲಿದ್ದ ಇನ್ನೊಂದು ಬುಟ್ಟಿ ಎತ್ತಿಕೊಂಡಳು. ಮಧ್ಯಾಹ್ನದವರೆಗೆ ಇಬ್ಬರೂ ಕೆಸರು ಹೊತ್ತರು.

ಬೇಸಿಗೆ ಬಂದ ಮೇಲೆ ಕಟ್ಟವನ್ನು ಸರಿಮಾಡಿ ಗೇಟಿನ ಬಾಯಿಗೆ ಕಾಂಕ್ರೀಟ್ ತುಂಬಿದರು. ಮುಂದಿನ ಆಸಾಡಿಯ ಮಳೆಗೆ ಮೇಲ್ಬೈಲು ಕೆರೆಯಾಯಿತು. ಸರಸ ಬೀಜ ಹಾಕಿರಲಿಲ್ಲ. ಒಂದು ಬೆಳಿಗ್ಗೆ ಚೆನ್ನಯ್ಯ ಕೊಡೆ ಹಿಡಿದು ಬಂದು ಜಗಲಿಯಲ್ಲಿ ಕೂತ. ಮಳೆ ನೋಡುತ್ತ ಕೇಳಿದ, "ನೀರ್ ಎಲ್ಲಿವರಿಗೆ ಬಂತ್?"

"ನಾ ಕಾಂಬುಕ್ ಹೋಯ್ಲಿಲ್ಲೆ," ಎಂದು ಸರಸ ಚಾ ಮಾಡಲು ಒಳಗೆ ಹೋದಳು.