ಬಡ ಅವ್ವ ಬೇಕಾಗಿದ್ದಾಳೆ

ಮುಂಡರಗಿಯ ಸುಶ್ಮಿತಾ ಮುಂಬೈಯಲ್ಲಿ ಚಾಂಪಿಯನ್ ಬೆಲ್ಟು ಗೆದ್ದ ದಿನ ಅವಳ ಮೊಬೈಲಿಗೆ ಬಂದ ಸಂದೇಶಗಳಲ್ಲಿ ಅರ್ಧಕ್ಕರ್ಧ ಸೋದರಮಾವಂದಿರ ಅಭಿನಂದನೆ. ಉಳಿದವು ಸೋತವಳ ದೇಶದವರ ಬೈಗುಳ. ನಮ್ಮ ದೇಶಕ್ಕೆ ಅವತ್ತು ಕ್ರಿಕೆಟ್ ಇತ್ತು.

ಆಟದ ಹೆಸರು ಎಂ.ಎಂ.ಎ. ಜಾಲರಿಯ ಪಂಜರದೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಗುದ್ದಬಹುದು, ಒದೆಯಬಹುದು, ಕೆಡವಿ ಕೈ ತಿರುವಬಹುದು. ಕಚ್ಚುವಂತಿಲ್ಲ. ಸುಶ್ಮಿತಾ ಗದಗ-ಬೆಟಗೇರಿಯ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜು ಓದುವಾಗ ಜೂಡೊ ಕಲಿತು, ಅಲ್ಲಿಂದ ಈ ಪಂಜರಕ್ಕೆ ಜಿಗಿದವಳು. ಯಾಕೆ ಎಂದು ಯಾರಾದರೂ ಕೇಳಿದರೆ "ಹೊಡಿಯಾಕ ಮಜಾ ಬರತೈತಿ" ಎನ್ನುತ್ತಿದ್ದಳು.

ಪಂದ್ಯ ನಡೆಸುವ ರಣಗರ್ಜನೆ ಕಂಪನಿಗೆ ಈ ಉತ್ತರವೇ ದೊಡ್ಡ ತಲೆನೋವು. ಅಲ್ಲಿ ಪ್ರಚಾರದ ಕೆಲಸಕ್ಕಿದ್ದ ಅಬ್ರಾರ ಬೆಟಗೇರಿಯವನೇ, ಸುಶ್ಮಿತಾಳ ಕಾಲೇಜಿನ ಗೆಳೆಯ. ಅವನು ಬಿಡಿಸಿ ಹೇಳಿದ.

"ನಿನ್ನ ಹಿಂದ ದೇಶ ನಿಲ್ಲಬೇಕು ಸುಶೀ. ದೇಶಕ್ಕ ಕಣ್ಣೀರ ಬೇಕು."

"ನಾ ಗೆದ್ದೇನಲ್ಲಲೇ."

"ಗೆದ್ದಾವ್ರು ಓಣಿಗೊಬ್ರು ಸಿಗತಾರ. ಹಸಗೊಂಡು ಗೆದ್ದಾವ್ರು ಬೇಕು."

"ನಾ ಎಂದೂ ಹಸದಿಲ್ಲ. ನಮ್ಮವ್ವ ಬಿಡಂಗಿಲ್ಲ."

ಮುಂದಿನ ಪಂದ್ಯ ಬೆಟಗೇರಿಯ ಮೈದಾನದಲ್ಲೇ ಎಂದು ಕಂಪನಿ ಘೋಷಿಸಿತು. ಚಾಂಪಿಯನ್ ತನ್ನ ಮಣ್ಣಿನಲ್ಲಿ, ಇಡೀ ದೇಶಕ್ಕೆ ನೇರ ಪ್ರಸಾರ. ಅದಕ್ಕೂ ಮೊದಲು ಅವಳ ತಾಯಿಯ ಮೇಲೊಂದು ಪುಟ್ಟ ಚಿತ್ರ ತೆಗೆಯಬೇಕು. ಕ್ಯಾಮೆರಾದವರನ್ನು ಕರೆದುಕೊಂಡು ಅಬ್ರಾರ ಮುಂಡರಗಿಗೆ ಬಂದ.

ಸುಶ್ಮಿತಾಳ ಅಪ್ಪ ಚನ್ನಬಸವಣ್ಣನದು ಶೇಂಗಾ, ಉಳ್ಳಾಗಡ್ಡಿಯ ದಲಾಲಿ ಅಂಗಡಿ. ಎರಡಂತಸ್ತಿನ ಮನೆ, ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಣೆ. ಟಿ.ವಿ.ಯವರು ಬರುತ್ತಾರೆಂದು ತಾಯಿ ನೀಲಗಂಗವ್ವ ಕಪಾಟಿನಲ್ಲಿದ್ದ ಬಂಗಾರವನ್ನೆಲ್ಲ ಮೈಮೇಲೆ ಹೇರಿಕೊಂಡು, ಇಳಕಲ್ ರೇಷ್ಮೆ ಉಟ್ಟು ನಿಂತಿದ್ದಳು. ಮುಂಬೈಯ ನಿರ್ದೇಶಕ ಅವಳನ್ನು ನೋಡಿ ಬಿಸಿಲು ಬಡಿದವನಂತೆ ಕುಳಿತುಬಿಟ್ಟ.

"ಕಾಕೂ, ಹಳೇ ಸೀರಿ ಇಲ್ಲೇನ್ರಿ?" ಎಂದು ಅಬ್ರಾರ ಮೆಲ್ಲಗೆ ಕೇಳಿದ.

"ಅದಾವ. ನೆಲಾ ವರಸ್ತೀವಿ."

"ಅದನ್ನ ಉಟ್ಟು, ಹಿತ್ತಲದಾಗ ಒಲಿ ಮುಂದ ಕುಂತು ಒಂಚೂರು ಅತ್ತಬಿಟ್ರ..."

"ನನ್ನ ಮಗಳು ಗೆದ್ದಾಳ. ನಾ ಯಾಕ ಅಳಲೋ? ಸೋತಾಕಿ ಅವ್ವ ಅಳ್ತಾಳ, ಆಕಿ ಮನಿಗೆ ಹೋಗ್ರಿ!"

ಬಂದವರಿಗೆ ಮಂಡಕ್ಕಿ, ಚಹಾ ಕೊಟ್ಟೇ ಹೊರಗೆ ಹಾಕಿದಳು. ಅದು ಮನೆತನದ ಮರ್ಯಾದೆ.

ಅಬ್ರಾರ ಸೋಲುವ ಗಿರಾಕಿಯಲ್ಲ. ಹೊಳೆದಂಡೆಯ ಹಮ್ಮಿಗಿಯಲ್ಲಿ ಕರಿಯವ್ವ ಎಂಬಾಕೆ ಇದ್ದಳು. ಸುತ್ತಲ ಹಳ್ಳಿಗಳಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಹಾಡಿಕೊಂಡು ಅಳಲು ಅವಳಿಗೆ ಕರೆ ಹೋಗುತ್ತಿತ್ತು. ಅವಳು ಅತ್ತರೆ ಸತ್ತವನ ಆಸ್ತಿಗೆ ಬಡಿದಾಡುತ್ತಿದ್ದ ಅಣ್ಣತಮ್ಮಂದಿರು ಕೂಡ ಅಪ್ಪಿಕೊಳ್ಳುತ್ತಿದ್ದರಂತೆ, ಮಣ್ಣು ಮುಗಿಯುವ ತನಕ.

"ಯಾರು ಸತ್ತಾರ?" ಎಂದು ಕರಿಯವ್ವ ಮೊದಲು ಕೇಳಿದಳು.

"ಯಾರೂ ಸತ್ತಿಲ್ಲ ಆಯೀ. ಒಂದು ಹುಡುಗಿಗೆ ಅವ್ವ ಆಗಬೇಕು."

"ನನಗ ನಾಕು ಅದಾವ. ಐದನೇದು ಭಾರ ಆಗಂಗಿಲ್ಲ, ತಗೋ" ಎಂದು ಅವಳು ಒಲೆಯ ಮುಂದೆ ಕುಳಿತಳು.

ಚಿತ್ರವನ್ನು ಸುಶ್ಮಿತಾ ಎಲ್ಲರಂತೆ ಮೊಬೈಲಿನಲ್ಲೇ ನೋಡಿದಳು. ಒಂದೇ ರೊಟ್ಟಿ ಇದ್ದ ದಿನ ಅದನ್ನು ಮಗಳಿಗೆ ಕೊಟ್ಟು ತಾನು ನೀರು ಕುಡಿದು ಮಲಗಿದ್ದನ್ನು ಕರಿಯವ್ವ ರಾಗ ಎಳೆದು ಹೇಳುತ್ತಿದ್ದಳು. ಸುಶ್ಮಿತಾ ಮೊದಲು ನಕ್ಕಳು. ಆಮೇಲೆ ಆ ತಾಯಿಗಾಗಿ ಅವಳ ಕಣ್ಣೇ ತುಂಬಿ ಬಂತು. ಕಣ್ಣೊರೆಸಿಕೊಂಡ ಮೇಲೆ ಸಿಟ್ಟು ಏರಿತು.

"ನಮ್ಮವ್ವ ಬದಕ್ಯಾಳಲೇ, ಭಾಡ್ಯಾ!" ಎಂದು ಅಬ್ರಾರನಿಗೆ ಫೋನಿನಲ್ಲೇ ಬೈದಳು.

"ಪ್ರಚಾರದಾಗ ಕಂಪನಿ ಮಾತೇ ಕಡೀದು ಅಂತ ನೀನ ಸಹಿ ಮಾಡೀದಿ" ಎಂದ ಅವನು.

ದೇಶ ಎದ್ದು ನಿಂತಿತು. ಲುಧಿಯಾನದಿಂದ ಗುವಾಹಟಿಯವರೆಗೆ ಜನ ಅತ್ತರು. 'ದೇಶದ ಅವ್ವ' ಎಂಬ ಅಂಗಿಗಳು ಬಂದವು. ಅಂಗಿಯ ತುಂಬ ಕರಿಯವ್ವ, ಮೂಲೆಯಲ್ಲಿ ಪೋಸ್ಟಿನ ಸ್ಟ್ಯಾಂಪಿನಷ್ಟು ಸುಶ್ಮಿತಾ. ಬೆಲ್ಟು ಯಾವ ಆಟದ್ದು ಎಂಬುದು ಅಳುವವರಲ್ಲಿ ಬಹುತೇಕರಿಗೆ ಗೊತ್ತಿರಲಿಲ್ಲ.

ಅತ್ತ ಲಕ್ಷ್ಮೇಶ್ವರದಲ್ಲಿದ್ದ ನೀಲಗಂಗವ್ವನ ತಮ್ಮ ಸಕ್ರಪ್ಪ ಚನ್ನಬಸವಣ್ಣನಿಗೆ ಫೋನು ಮಾಡಿದ. "ಮಾವಾರ, ಖರೆ ಹೇಳ್ರಿ. ಹಮ್ಮಿಗ್ಯಾಗಿನ ಸಂಸಾರ ಎಷ್ಟು ವರ್ಷದ್ದು?"

"ಯಾವ ಸಂಸಾರೋ ಮಾರಾಯಾ?"

ಫೋನಿನ ಸ್ಪೀಕರ್ ಹಚ್ಚಿತ್ತು, ನೀಲಗಂಗವ್ವ ಪಕ್ಕದಲ್ಲೇ ಇದ್ದಳು. ಮಗಳು ಮುಂದೆ ಕೂತು ಎಲ್ಲ ಬಿಡಿಸಿ ಹೇಳುವ ತನಕ ಚನ್ನಬಸವಣ್ಣನಿಗೆ ಊಟ ಸಿಗಲಿಲ್ಲ. ಅವನು ಬದುಕಿನಲ್ಲಿ ಹಸಿದದ್ದು ಅದೊಂದೇ ದಿನ. ಪಾಪ, ಅದನ್ನು ಚಿತ್ರ ತೆಗೆಯಲು ಯಾರೂ ಬರಲಿಲ್ಲ.

ಎದುರಾಳಿ ಐಗುಲ್ ಕಝಾಕಸ್ತಾನದವಳು, ಊರಲ್ಲಿ ಶಾಲೆ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಗದಗಿಗೆ ಬಂದಿಳಿದವಳು ಕೈ ಮುಗಿದಳು, ನಕ್ಕಳು, ಯಾರೋ ಕೊಟ್ಟ ಮೆಣಸಿನಕಾಯಿ ಬಜ್ಜಿ ತಿಂದಳು. ಕಂಪನಿ ನಗುವನ್ನೆಲ್ಲ ಕತ್ತರಿಸಿ, ಖಾರ ನೆತ್ತಿಗೇರಿ ಹಲ್ಲು ಕಡಿದ ಗಳಿಗೆಯನ್ನಷ್ಟೇ ಇಟ್ಟುಕೊಂಡಿತು. ಮಾರನೆಯ ದಿನ ಅದೇ ಮುಖ ಊರಿನ ಕಂಬಕಂಬದಲ್ಲೂ ನೇತಾಡಿತು. ಕೆಳಗೆ 'ಪರದೇಶದ ಹೆಬ್ಬಾವು' ಎಂದು ಬರೆದಿತ್ತು.

ಪಂದ್ಯದ ಮಧ್ಯಾಹ್ನ ಮೈದಾನದ ತುಂಬ ಬಾವುಟಗಳು. ಮುಂದಿನ ಸಾಲಿನ ಸೋಫಾದಲ್ಲಿ ಹರಿದ ಸೀರೆಯ ಕರಿಯವ್ವ. ಸೀರೆ ಕಂಪನಿಯದು. ತನ್ನ ಸೀರೆ ಹರಿದಿಲ್ಲವೆಂದು ಅವಳು ಜಗಳವಾಡಿ ಸೋತಿದ್ದಳು. ಅಷ್ಟರಲ್ಲಿ ನೀಲಗಂಗವ್ವ ಬಂಗಾರ ಝಣಝಣಿಸುತ್ತ ಬಂದು ಸೋಫಾದ ಮುಂದೆ ನಿಂತಳು. ಕಾವಲಿನವರು ಅಡ್ಡ ಬಂದರು.

"ಇದು ತಾಯಿ ಸೀಟು ರೀ."

"ನಾ ಯಾರು ಹಂಗಾರ? ಹೊತ್ತು ಹಡದಾಕಿ!"

ಕರಿಯವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪಕ್ಕಕ್ಕೆ ಸರಿದಳು. "ಬರ್ರಿ ಯಕ್ಕಾ, ಕುಂಡ್ರಿ. ನಾ ಬಾಡಗಿಯಾಕಿ, ನೀವು ಖರೇದಾಕಿ. ಸೋಫಾ ಇಬ್ಬರಿಗೂ ಸಾಲತೈತಿ."

ಜಗಳಕ್ಕೆಂದೇ ಸೆರಗು ಬಿಗಿದು ಬಂದಿದ್ದ ನೀಲಗಂಗವ್ವ ಸೆರಗು ಸಡಿಲಿಸಿ ಕುಳಿತಳು.

ಎರಡನೆಯ ಸುತ್ತಿನಲ್ಲಿ ಐಗುಲಳ ಮುಷ್ಟಿ ಸುಶ್ಮಿತಾಳ ತುಟಿ ಒಡೆಯಿತು. ರಕ್ತ ಗದ್ದಕ್ಕಿಳಿಯಿತು. ಕ್ಯಾಮೆರಾ ಕರಿಯವ್ವನ ಮುಖಕ್ಕೆ ಬಂದು ನಿಂತಿತು. ಅಬ್ರಾರ ಬಗ್ಗಿ ಪಿಸುಗುಟ್ಟಿದ. "ಆಯೀ, ಈಗ ಅಳಬೇ!"

"ನಾ ಅಳೂದು ಸತ್ತವರ ಮುಂದ. ಹುಡುಗಿ ಇನ್ನೂ ಬದಕ್ಯಾಳ. ಅಪಶಕುನ ಆಡಬ್ಯಾಡ, ಸರೀ ಆ ಕಡೆ!"

ನೀಲಗಂಗವ್ವ ಸೋಫಾದ ಮೇಲೆ ಹತ್ತಿ ನಿಂತಿದ್ದಳು. "ಏ ಸುಶೀ! ನಿದ್ದಿಗಣ್ಣಾಗ ನಿಂತೀಯೇನ? ಕಾಲು ಹಿಡದು ಕೆಡವ ಆಕೀನ್ನ!" ಕಾಲೇಜಿಗೆ ಹೋಗುವ ತನಕ ದಿನಾ ಬೆಳಗ್ಗೆ ಎಬ್ಬಿಸಿದ ಗಂಟಲು ಅದು, ಬ್ಯಾಂಡಿನ ಸದ್ದನ್ನೂ ದಾಟಿತು. ಸುಶ್ಮಿತಾ ಬಗ್ಗಿ ನುಗ್ಗಿ, ಐಗುಲಳ ಕಾಲು ಸೆಳೆದು ಕೆಡವಿ ಬಲಗೈ ತಿರುವಿ ಹಿಡಿದಳು. ಐಗುಲ್ ಎಡಗೈಯಿಂದ ನೆಲ ಬಡಿದು ಸೋಲೊಪ್ಪಿದಳು.

ನಿರೂಪಕ ಮೈಕು ಹಿಡಿದು ಓಡಿ ಬಂದ. "ಅಮ್ಮನಿಗೆ ಏನು ಹೇಳುತ್ತೀರಿ?"

ಸುಶ್ಮಿತಾ ರಕ್ತ ಉಗಿದಳು. "ಹರಕ ಸೀರಿಯಾಕಿ ನಮ್ಮವ್ವ ಅಲ್ಲ. ಸೋಫಾದ ಮ್ಯಾಲ ನಿಂತಾಳಲ್ಲ, ಆಕಿ ನಮ್ಮವ್ವ. ನಮ್ಮಪ್ಪಂದು ದಲಾಲಿ ಅಂಗಡಿ ಐತಿ. ನಾ ಒಂದಿನಾನೂ ಉಪವಾಸ ಬಿದ್ದಿಲ್ಲ."

ಗದಗಿನ ಮಂದಿ ಸಿಳ್ಳು ಹೊಡೆದರು, ಅವರಿಗೆ ಇದು ಮೊದಲೇ ಗೊತ್ತಿತ್ತು. ದೇಶಕ್ಕೆ ಮಾತ್ರ ಮೋಸವಾಗಿತ್ತು. ಲಕ್ಷ್ಮೇಶ್ವರದ ಹತ್ತಿರದ ಮಾಗಡಿ ಕೆರೆಗೆ ಕಲ್ಲೆಸೆದಾಗ ವಲಸೆ ಹಕ್ಕಿಗಳು ಏಳುವಂತೆ ಅಭಿಮಾನಿಗಳು ಎದ್ದು ಹೋದರು. ಸಂಜೆಯೊಳಗೆ 'ಶ್ರೀಮಂತರ ಮಗಳು' ಎಂಬುದೊಂದು ಹೊಸ ಬೈಗುಳ ಹುಟ್ಟಿತ್ತು. ಬೆಲ್ಟು ಅವಳದೇ, ಅದನ್ನು ಕಸಿಯಲು ಯಾವ ನಿಯಮವೂ ಇರಲಿಲ್ಲ. ಅಬ್ರಾರನಿಗೆ ಕಂಪನಿ ಅವತ್ತೇ ಇನ್ನೊಂದು ಕೆಲಸ ಹಚ್ಚಿತು. ಜಾರ್ಖಂಡದ ಕುಸ್ತಿ ಹುಡುಗನೊಬ್ಬನಿಗೆ ಕುರುಡ ಅಜ್ಜನನ್ನು ಹುಡುಕಬೇಕಿತ್ತು.

ತುಟಿಗೆ ಹೊಲಿಗೆ ಹಾಕಿಸಿಕೊಂಡು ಸುಶ್ಮಿತಾ ಮನೆಯ ಕಾರು ಹತ್ತಿದಳು. ಹಮ್ಮಿಗಿಗೆ ಬಿಡುತ್ತೇವೆಂದು ಕರಿಯವ್ವನನ್ನೂ ಹತ್ತಿಸಿಕೊಂಡರು. ಊರು ದಾಟುವಾಗ ಕಂಬದಲ್ಲಿದ್ದ ಐಗುಲಳ ಮುಖ ನೀಲಗಂಗವ್ವನ ಕಣ್ಣಿಗೆ ಬಿತ್ತು.

"ಆಕಿ ಕೈ ಮುರದೀಯೇನ?"

"ಇಲ್ಲಬೇ, ಉಳುಕೈತಿ."

"ಆಕಿ ಅವ್ವ ಬಂದಾಳೇನು?"

"ಯಾರೂ ಬಂದಿಲ್ಲ. ಸ್ಟೇಶನ್ ಹತ್ರ ಲಾಡ್ಜಿನ್ಯಾಗ ಒಬ್ಬಾಕೀನ ಅದಾಳ."

"ಗಾಡಿ ತಿರಗಸ್ರಿ" ಎಂದಳು ಕಾರು ಓಡಿಸುತ್ತಿದ್ದ ಗಂಡನಿಗೆ.

ಬಾಗಿಲು ತೆಗೆದ ಐಗುಲ್ ಮೂವರು ಹೆಂಗಸರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಉಳುಕಿದ ಬಲಗೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿದ್ದರು. ನೀಲಗಂಗವ್ವ ಮಗಳಿಗೆಂದು ಕಟ್ಟಿ ತಂದಿದ್ದ ಮೊಸರನ್ನದ ಡಬ್ಬಿ ಬಿಚ್ಚಿದಳು. ಐಗುಲ್ ಎಡಗೈ ಚಾಚಿದಳು.

"ಎಡಗೈಲೆ ಉಣಬಾರದವ್ವಾ" ಎಂದು ನೀಲಗಂಗವ್ವ ಅವಳನ್ನು ಮಂಚದ ಮೇಲೆ ಕೂಡಿಸಿ, ತಾನೇ ತುತ್ತು ಕಲಸಿ ಬಾಯಿಗಿಟ್ಟಳು. ಐಗುಲ್ ತನ್ನ ಭಾಷೆಯಲ್ಲಿ ಏನೋ ಹೇಳಹೊರಟಳು.

"ಮೊದಲ ನುಂಗು" ಎಂದಳು ನೀಲಗಂಗವ್ವ, ಇನ್ನೊಂದು ತುತ್ತು ಕಲಸುತ್ತ.